ಗಂಟಿನ ಪಕ್ಕದ ಕಪ್ಪು ಗೆರೆ

ಹೊಸ ಸ್ಕ್ಯಾನ್ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಅಪ್ಪ, ತಟ್ಟನೆ ಇಳಿಸಿ ಬೆನ್ನ ಹಿಂದೆ ಮರೆಮಾಡಿಕೊಂಡ. ಕ್ಯಾನ್ಸರಿನ ಔಷಧಿಗೆ ಮಗಳ ಮೈಯಲ್ಲಿ ಬಿಳಿ ರಕ್ತಕಣಗಳೇ ಇಲ್ಲದಂತಾಗಿ, ಆ ಸಮಯ ನೋಡಿಕೊಂಡು ಶ್ವಾಸಕೋಶಕ್ಕೆ ಬೂಷ್ಟು ಹಿಡಿದಿತ್ತು. ಹಿಂದಿನ ಫಿಲ್ಮಿನಲ್ಲಿ ಅದು ಬರೀ ಬಿಳಿ ಗಂಟು. ಈಗ ಗಂಟಿನ ಪಕ್ಕಕ್ಕೆ, ಕತ್ತರಿಸಿ ಹಾಕಿದ ಉಗುರಿನಂಥ ಕಪ್ಪು ಗೆರೆ. ಗೋಡೆಗಳಿಗೆ ಬಣ್ಣ ಹೊಡೆದೇ ಬದುಕಿದವನಿಗೆ ಗಾರೆಯ ಹಿಂದಿನ ಟೊಳ್ಳು ಯಾವುದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಯಾಕಪ್ಪಾ, ನನ್ನ ಫೋಟೋ ಅಷ್ಟು ಕೆಟ್ಟದಾಗಿ ಬಂದಿದೆಯಾ?" ಮಾಸ್ಕಿನೊಳಗಿಂದ ಮಗಳು ಕೇಳಿದಳು.

"ಸುಮ್ನೆ ಮಲಕ್ಕೋ, ತಲೆಹರಟೆ."

ಡಾಕ್ಟರಮ್ಮ ಬಂದಾಗ ಅವರನ್ನು ಬಾಗಿಲಲ್ಲೇ ತಡೆದು ಫಿಲ್ಮಿನ ಮೇಲೆ ಬೆರಳಿಟ್ಟ. "ಗಾರೆ ಬಿಟ್ಟುಕೊಂಡಿದೆ ಮೇಡಂ, ಒಳಗೆ ಟೊಳ್ಳು. ಇಷ್ಟು ದಿನ ಬೂಷ್ಟಿಗೆ ಏರಿಸಿದ ಔಷಧಿಯೆಲ್ಲ ದಂಡವಾಯ್ತಾ?"

"ಬಿಟ್ಟುಕೊಂಡಿರೋದು ನಿಜ," ಅಂದರು ಅವರು. "ಆದರೆ ಕೊಳೆತ ಭಾಗ ಒಳ್ಳೇ ಭಾಗದಿಂದ ಬೇರೆಯಾಗ್ತಾ ಇದೆ. ಔಷಧಿ ಒಂದರಿಂದಲೇ ಹಾಗಾಗಲ್ಲ. ಅವಳದೇ ಬಿಳಿ ಕಣಗಳು ವಾಪಸ್ ಬಂದು ಕೆಲಸಕ್ಕೆ ಇಳಿದಿವೆ, ಬೆಳಗಿನ ರಕ್ತಪರೀಕ್ಷೆನೂ ಅದನ್ನೇ ಹೇಳ್ತಿದೆ. ಔಷಧಿ ಇನ್ನೂ ತಿಂಗಳುಗಟ್ಟಲೆ ಬೇಕು, ಕೆಮ್ಮಿದಾಗ ರಕ್ತ ಕಂಡರೆ ತಕ್ಷಣ ನಮ್ಮನ್ನ ಕರೀಬೇಕು. ಆದರೂ ನಾನು ಕಾಯ್ತಿದ್ದದ್ದು ಈ ಗೆರೆಗೇ."

ಕೊಳೆತ ಗಾರೆ ತಾನಾಗಿಯೇ ಗೋಡೆ ಬಿಟ್ಟರೆ ಅರ್ಧ ಕೆಲಸ ಮುಗಿದಂತೆ ಎಂದು ಎಷ್ಟೋ ಮನೆಯವರಿಗೆ ಅಪ್ಪನೇ ಸಮಾಧಾನ ಹೇಳಿದ್ದ. ಮಂಚದ ಬಳಿ ಹೋಗಿ ಫಿಲ್ಮನ್ನು ಮಗಳ ಕೈಗೇ ಕೊಟ್ಟ.

"ಬೆಳಕಿಗೆ ಹಿಡ್ಕೋ," ಅಂದ. "ತೋರಿಸ್ತೀನಿ."