ಬಚ್ಚಲ ಹಿಂದಿನ ಕಾಟುಮಾವು

"ಎಂತ ಡಾಕ್ಟ್ರಕ್ಕ, ಪುನಃ ಬಂದ್ರಾ? ಆ ಮರದಲ್ಲಿ ಇನ್ನೂ ಎಲೆ ಉಂಟಾ?"

ರಾಮಕುಂಜದ ಕೃಷ್ಣಮೋಹನ ಭಟ್ಟರು ಜಗಲಿಯಿಂದಲೇ ಕೀಟಲೆ ಮಾಡಿದರು. ಸ್ಕೂಟರ್ ನಿಲ್ಲಿಸಿದ ಚಿನ್ಮಯಿಗೆ ನಗು ಬರಲಿಲ್ಲ. ಅವಳು ಸೂಜಿ ಚುಚ್ಚುವ ಡಾಕ್ಟರಲ್ಲ. ಕಾಡಿನ, ಹಿತ್ತಿಲಿನ ಕಾಟುಮಾವಿನ, ಅಂದರೆ ಕಾಡುಮಾವಿನ, ಎಲೆ ಕೊಯ್ದು, ಅದರ ಡಿಎನ್‌ಎ ನೋಡಿ, ಯಾವ ಊರಿನ ಬೀಜ ಯಾವ ಊರಿಗೆ ಹೋಗಿ ಮರವಾಯಿತು ಎಂದು ಕಂಡುಹಿಡಿಯುವ ವಿಜ್ಞಾನಿ. ಹದಿನೆಂಟು ವರ್ಷದಿಂದ ಇದೇ ಕೆಲಸ. ಪುತ್ತೂರು, ಸುಳ್ಯ, ಕಡಬದ ಮುನ್ನೂರ ಹನ್ನೆರಡು ಮರಗಳಿಗೆ ಅವಳ ನಂಬರು ಬಿದ್ದಿತ್ತು. ಪ್ರತಿ ಎಲೆಗೂ ಪೆನ್ಸಿಲಿನಲ್ಲಿ ಬರೆದ ಎರಡು ಚೀಟಿ, ಒಂದು ಪೊಟ್ಟಣದ ಒಳಗೆ, ಒಂದು ಹೊರಗೆ. ಜೊತೆಯವರು ಚೀಟಿ ಚಿನ್ಮಯಿ ಎಂದು ನಕ್ಕರೂ ಅವಳು ಕ್ಯಾರೇ ಅಂದವಳಲ್ಲ.

ಈಗ ಆ ಚೀಟಿಯ ಮೇಲೆಯೇ ಅನುಮಾನ ಬಂದಿತ್ತು. ಮುನ್ನೂರ ಒಂಬತ್ತು ಮರಗಳು ಒಂದೇ ಮಾತು ಹೇಳಿದ್ದವು: ಬೀಜ ಹೊಳೆಯ ಜೊತೆ ಹೋಗುತ್ತದೆ, ಗುಡ್ಡ ದಾಟುವುದಿಲ್ಲ. ಉಳಿದ ಮೂರು ಮಾತ್ರ ತಗಾದೆ ತೆಗೆದಿದ್ದವು. ಸುಳ್ಯದ ಪಯಸ್ವಿನಿ ದಡದ ಮರಗಳ ಮಕ್ಕಳು ಅವು. ನಿಂತಿರುವುದು ಗುಡ್ಡದ ಈಚೆ, ಮೂವತ್ತರಿಂದ ನಲವತ್ತೈದು ಕಿಲೋಮೀಟರ್ ದೂರದಲ್ಲಿ. ಪ್ರಬಂಧ ಓದಿದ ಪರೀಕ್ಷಕರು, "ಚೀಟಿ ಅದಲುಬದಲಾಗಿರಬೇಕು. ಕಾರಣ ಕೊಡಿ, ಇಲ್ಲವೇ ಮೂರನ್ನೂ ಕೈಬಿಡಿ" ಎಂದು ಬರೆದಿದ್ದರು. ಸೋಮವಾರ ಕೊನೆಯ ದಿನ. ಅವಳ ಗುರುಗಳಾದ ವಿಷ್ಣುಪ್ರಸಾದ್ ಕೂಡ, "ಕೈಬಿಡು ಮಾರಾಯ್ತಿ, ಮುನ್ನೂರ ಒಂಬತ್ತು ಸಾಲದಾ?" ಎಂದಿದ್ದರು.

ಸಾಲುತ್ತಿತ್ತು. ಆದರೆ ಆ ಮೂರರಲ್ಲಿ ಒಂದು, ಒಂದನೇ ನಂಬರಿನ ಮರ. ಕೆದಂಬಾಡಿಯ ಅವಳ ಮನೆಯದೇ ಮರ. ಆಡಿ ಬೆಳೆದ ಮರದ ಎಲೆಗೆ ತಾನೇ ಕಟ್ಟಿದ ಚೀಟಿ ತಪ್ಪೆಂದು ಒಪ್ಪುವುದಾದರೆ, ತನ್ನ ಹೆಸರೂ ತಪ್ಪೆಂದು ಒಪ್ಪಬೇಕಾದೀತು. ಮೂರೂ ಮರಗಳ ಎಲೆ ಮತ್ತೆ ಕೊಯ್ದು ನೋಡಿದ್ದಳು, ಉತ್ತರ ಬದಲಾಗಲಿಲ್ಲ. ಕಾರಣ ಮಾತ್ರ ಸಿಗಲಿಲ್ಲ. ಅದಕ್ಕೇ ಆ ಮೂರರಲ್ಲೊಂದಾದ ಭಟ್ಟರ ಹಿತ್ತಿಲಿನ ಮರದ ಬಳಿಗೆ ಪುನಃ ಬಂದಿದ್ದಳು.

"ಎಲೆ ಬೇಡ ಅಣ್ಣ. ಈ ಮರ ನೆಟ್ಟದ್ದು ಯಾರು, ಅಷ್ಟು ಹೇಳಿ."

"ಅಜ್ಜ. ನಾಲ್ಕು ಸಲ ಬರೆಸಿದ್ದೇನಲ್ಲ ನಿಮ್ಮ ಪುಸ್ತಕದಲ್ಲಿ."

"ಬೀಜ ಎಲ್ಲಿಂದ ತಂದದ್ದು?"

"ಕೇಳ್ಲಿಕ್ಕೆ ಅಜ್ಜ ಎಲ್ಲಿದ್ದಾರೆ ಈಗ?"

ಒಳಗಿನಿಂದ ಯಾರೋ ನಕ್ಕರು. ಭಟ್ಟರ ತಾಯಿ ವಾಸಂತಿಯಮ್ಮ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದರು. ಎಂಬತ್ತು ದಾಟಿದ್ದರೂ ಮಾತು ಚುರುಕು. "ಅಜ್ಜ ನೆಟ್ಟದ್ದಂತೆ! ಅಜ್ಜ ಅದರ ಹಣ್ಣು ತಿಂದದ್ದು ಹೌದು. ನೆಟ್ಟದ್ದು ನಾನು."

ಭಟ್ಟರು ಬಾಯಿ ಬಿಟ್ಟು ನೋಡಿದರು.

"ನನ್ನ ತವರು ಅರಂತೋಡು, ಪಯಸ್ವಿನಿಯ ಬದಿ. ಮದುವೆಯಾದ ಮೊದಲ ಬೇಸಿಗೆಗೆ ತವರಿಗೆ ಹೋಗಿ ಬರುವಾಗ ಒಂದು ಬುಟ್ಟಿ ಕಾಟುಮಾವಿನ ಹಣ್ಣು ತಂದೆ. ಇಲ್ಲಿಯ ಹಣ್ಣು ಬರೀ ಹುಳಿ, ಗೊಜ್ಜಿಗೆ ಆಗುದಿಲ್ಲ. ಗೊರಟು ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ, ಬಚ್ಚಲ ಹಿಂದೆ ಊರಿಬಿಟ್ಟೆ. ಹೊಸ ಸೊಸೆ ತೋಟದಲ್ಲಿ ಗುಂಡಿ ತೋಡಿದ್ರೆ ಸಾವಿರ ಪ್ರಶ್ನೆ. ಬಚ್ಚಲ ಹಿಂದೆ ಯಾರೂ ನೋಡುದಿಲ್ಲ, ಮಿಂದ ನೀರೂ ಅಲ್ಲಿಗೇ ಹೋಗ್ತದೆ."

ಚಿನ್ಮಯಿ ಗಡಬಡಿಸಿ ಪುಸ್ತಕದ ಹಾಳೆ ತಿರುವಿದಳು. ಮೂರೂ ಮರಗಳ ಮುಂದೆ ಅವಳದೇ ಅಕ್ಷರದಲ್ಲಿ ಇತ್ತು: ಜಾಗ, ಬಚ್ಚಲ ಹಿಂದೆ. ಹದಿನೆಂಟು ವರ್ಷದಿಂದ ಅದು ಅವಳ ಚೀಲದಲ್ಲೇ ಓಡಾಡಿಕೊಂಡಿತ್ತು.

"ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲವಲ್ಲ ಅಮ್ಮ!"

"ನೀನು ಕೇಳಿದ್ದು ಜಗಲಿಯಲ್ಲಿ, ಮಗಳೇ. ನಾನಿದ್ದದ್ದು ಒಳಗೆ."

ಚಿನ್ಮಯಿಗೆ ನಾಚಿಕೆಯೂ ಆಯಿತು, ಕುಣಿಯಬೇಕೆಂಬಷ್ಟು ಸಂತೋಷವೂ ಆಯಿತು. ಅಲ್ಲೇ ನಿಂತು ಗುರುಗಳಿಗೆ ಫೋನು ಮಾಡಿದಳು. "ಸರ್, ಒಂದು ಮರವನ್ನೂ ಕೈಬಿಡುವುದಿಲ್ಲ. ಬೀಜ ಗುಡ್ಡ ದಾಟಿದೆ. ದಾಟಿಸಿದವರು ನನ್ನ ಎದುರಿಗೇ ಇದ್ದಾರೆ." ಅತ್ತ ಕಡೆಯಿಂದ ಏನೋ ಪ್ರಶ್ನೆ ಬರುವಷ್ಟರಲ್ಲಿ ಫೋನು ಇಟ್ಟಿದ್ದಳು. ಇಷ್ಟು ವರ್ಷ ಗುಡ್ಡ ಹತ್ತಿ ಇಳಿದದ್ದು ಸಾರ್ಥಕವಾಯಿತು ಅನ್ನಿಸಿತು. ಪುಸ್ತಕದಲ್ಲಿ ಅಜ್ಜನ ಹೆಸರು ಹೊಡೆದುಹಾಕಿ 'ವಾಸಂತಿ' ಎಂದು ಬರೆದಳು. ಈ ಸಲ ಪೆನ್ಸಿಲಿನಲ್ಲಲ್ಲ, ಪೆನ್ನಿನಲ್ಲಿ.

ಆಮೇಲೆ ಲ್ಯಾಪ್‌ಟಾಪ್ ತೆರೆದು ನಕ್ಷೆ ತೋರಿಸಿದಳು. ಹೊಳೆಗಳ ಗುಂಟ ನೀಲಿ ಗೆರೆಗಳು. ಗುಡ್ಡ ದಾಟಿ ಬಂದವು ಮೂರೇ ಮೂರು ಕೆಂಪು ಗೆರೆಗಳು. ಅರಂತೋಡಿನಿಂದ ರಾಮಕುಂಜಕ್ಕೆ ಬಂದ ಗೆರೆಯ ಮೇಲೆ ವಾಸಂತಿಯಮ್ಮ ಬೆರಳಿಟ್ಟರು. "ಇದು ನಾನಾ?"

"ನೀವೇ ಅಮ್ಮ."

ಮುದುಕಿಯ ಬೆನ್ನು ನೆಟ್ಟಗಾಯಿತು. "ಮೋಹನ, ಬಾ ಇಲ್ಲಿ. ನೋಡು, ನಾನು ಬಂದ ದಾರಿ. ಕಂಪ್ಯೂಟರಲ್ಲಿ ಉಂಟು!" ಮಗನಿಗೆ ತೋರಿಸಿ ಮುಗಿಸಿದವರು ಪಕ್ಕದ ಕೆಂಪು ಗೆರೆ ನೋಡಿದರು. "ಇದು ಯಾರ ಮನೆ?"

"ನಮ್ಮದೇ, ಕೆದಂಬಾಡಿ. ಒಂದನೇ ನಂಬರಿನ ಮರ."

"ಅದನ್ನು ನೆಟ್ಟದ್ದು ಯಾರು ಅಂತ ಬರೆದಿದ್ದೀ?"

ಚಿನ್ಮಯಿ ಪುಸ್ತಕದ ಮೊದಲ ಹಾಳೆ ತೆಗೆದಳು. ಅಪ್ಪನನ್ನು ಕೇಳಿ ಬರೆದುಕೊಂಡದ್ದು: ಅಜ್ಜ.

"ನಿನ್ನ ಅಜ್ಜಿಯ ತವರು ಎಲ್ಲಿ, ಮಗಳೇ?"

ಕೆದಂಬಾಡಿಯಿಂದ ಹೊರಟ ಚಿನ್ಮಯಿಯ ಬೆರಳು ಕೆಂಪು ಗೆರೆಯ ಮೇಲೆಯೇ ಮೆಲ್ಲಗೆ ಸಾಗಿ, ಗುಡ್ಡ ದಾಟಿ, ಪಯಸ್ವಿನಿಯ ದಡದ ಸಂಪಾಜೆಯಲ್ಲಿ ನಿಂತಿತು.