ಮೂರು ಮಚ್ಚು

ಹಿಡಿಗೆ ನೀಲಿ ಸೀರೆಯಂಚು ಸುತ್ತಿದ್ದ ಮೂರನೆಯ ಮಚ್ಚನ್ನೂ ಬುಟ್ಟಿಗೆ ಹಾಕಿ, ಮೇಲೆ ಹಸಿ ಹುಲ್ಲು ಮುಚ್ಚಿ, ಹೊಂಬಾಳಮ್ಮ ಹಿತ್ತಿಲ ಬಾಗಿಲಿನಿಂದ ಸರಸರನೆ ಹೊರಬಿದ್ದಳು. ಜಗಲಿಯ ಮೇಲೆ ಮಗ ದಯಾನಂದ್ ಇನ್ನೂ ಗೊರಕೆ ಹೊಡೆಯುತ್ತಿದ್ದ. ನಿನ್ನೆ ಹಂದನಕೆರೆಯ ಬಾರಿನಿಂದ ಅಂಗಿ ಹರಿದುಕೊಂಡು ಬಂದವನು, “ಇವತ್ತು ಒಂದೇಟು ಬಿಗ್ದಿದೀನಿ, ನಾಳೆ ಮುಗಿಸೇ ಬುಡ್ತೀನಿ” ಎಂದಿದ್ದ. ಯಾರನ್ನು ಎಂದು ಕೇಳಿದರೆ ಮುಸುಕೆಳೆದುಕೊಂಡಿದ್ದ.

ಗ್ರಾಮಸಭೆಯಲ್ಲಿ ಪೊಲೀಸ್ ರೇವಣಸಿದ್ದಯ್ಯ ಬೆರಳು ಮಡಚಿ ಹೇಳಿದ್ದು ಅವಳಿಗೆ ನೆನಪಿತ್ತು. “ಕೊಲೆ ಮಾಡೋರು ಎಲ್ಲಿಂದ್ಲೋ ಬರಲ್ಲ ಕಣ್ರಮ್ಮ. ಇಪ್ಪತ್ತೈದು ಮೂವತ್ತರ ನಮ್ಮ ಹುಡುಗ್ರೇ. ಕೆಲಸ ಇರಲ್ಲ, ಹೆಣ್ಣು ಸಿಕ್ಕಿರಲ್ಲ, ಕುಡಿತ ಇರ್ತದೆ, ಕೈಗೆಟುಕೋ ಹಂಗೆ ಮಚ್ಚಿರ್ತದೆ.”

ಕೆಲಸ ಕೊಡಿಸುವುದು ಅವಳ ಕೈಲಾಗಲಿಲ್ಲ. ಹೆಣ್ಣು ಕೇಳಿ ಕೇಳಿ ಚಪ್ಪಲಿ ಸವೆದಿತ್ತು. ಕುಡಿತ ಬಿಡಿಸಲು ಹೊತ್ತ ಹರಕೆಯೂ ದಂಡವಾಯಿತು. ಉಳಿದದ್ದು ಮಚ್ಚೊಂದೇ. ಕೊಬ್ಬರಿ ಮಾಡುವ ಮನೆಯಲ್ಲಿ ಅದನ್ನು ಬಚ್ಚಿಡುವುದಾದರೂ ಎಲ್ಲಿ? ಅಟ್ಟದ ಕಾಯಿ ರಾಶಿಯ ಮೂಲೆ ಮೂಲೆಯೂ ಮಗನಿಗೆ ಗೊತ್ತು. ಹೆತ್ತ ಮಗ ಕೊಲೆಗಾರನಾಗಿಬಿಟ್ಟರೆ ಎಂಬ ಭಯಕ್ಕೇ ಮೂರನ್ನೂ ಬುಟ್ಟಿಗೆ ಹಾಕಿದ್ದಳು.

ತೋಟದಾಚೆಯ ಮನೆಯ ಶಿವರುದ್ರಮ್ಮ ಬಾವಿಕಟ್ಟೆಯ ಹತ್ತಿರ ಸುಮ್ಮನೆ ನಿಂತಿದ್ದಳು. ಕೊಡವಿಲ್ಲ, ಹಗ್ಗವಿಲ್ಲ.

“ರುದ್ರಮ್ಮ, ಇವನ್ನ ಒಂದ್ ವಾರ ಇಟ್ಕೊ. ಅಟ್ಟದ ಕಾಯಿ ಇಳಿಸೋ ಹೊತ್ಗೆ ಒಯ್ತೀನಿ,” ಎಂದಳು ಹೊಂಬಾಳಮ್ಮ. ಯಾಕೆಂದು ಹೇಳಲು ಮಾನ ಅಡ್ಡ ಬಂತು.

ಹುಲ್ಲಿನಡಿ ನೋಡಿದ ಶಿವರುದ್ರಮ್ಮನ ಮುಖ ಬಿಳಿಚಿತು. “ಇವತ್ತೇ ಆಗ್ಬೇಕಿತ್ತಾ ಹೊಂಬಾಳಕ್ಕ?” ಎಂದಳು. ಬೇಡ ಎನ್ನಲಿಲ್ಲ.

ಅಷ್ಟರಲ್ಲಿ ಅವಳ ಮಗ ಮೋಕ್ಷಿತ್ ತಲೆಗೆ ಟವಲ್ ಸುತ್ತಿಕೊಂಡು ಹೊರಬಂದ. ದಯಾನಂದನ ಜೊತೆ ಒಂದೇ ಬೆಂಚಿನಲ್ಲಿ ಓದಿದ ಹುಡುಗ.

“ಕೊಡು ದೊಡ್ಡಮ್ಮ, ನಾನ್ ಇಡ್ತೀನಿ.”

ಕಬ್ಬಿಣವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದಲ್ಲ, ಅದಕ್ಕೆ ಅವಳು ಬುಟ್ಟಿಯನ್ನು ನೆಲಕ್ಕಿಟ್ಟಳು. ಅವನು ಎತ್ತಿಕೊಂಡು ಒಳಗೆ ಹೋದ. ನನ್ನ ಮಗನಿಗೂ ಇಂಥ ನಯವಿದ್ದಿದ್ದರೆ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು.

ಹನ್ನೊಂದಕ್ಕೆ ಎದ್ದ ದಯಾನಂದ್ ಮನೆಯೆಲ್ಲ ತಡಕಾಡಿದ.

“ಮಚ್ಚೆಲ್ಲವ್ವಾ?”

“ಸಾಣೆ ಹಿಡ್ಸಕ್ಕೆ ಕೊಟ್ಟಿದೀನಿ ಕಣಪ್ಪ.”

ಬಾಗಿಲು ಒದ್ದು, ಬರಿಗೈಯಲ್ಲೇ ಬೈಕ್ ಹತ್ತಿದ. ಹೊಂಬಾಳಮ್ಮನಿಗೆ ಸಮಾಧಾನವಾಯಿತು. ಬರಿಗೈಯವನು ಯಾರನ್ನು ಕೊಂದಾನು?

ಮೂರು ಗಂಟೆಗೆ ರೇವಣಸಿದ್ದಯ್ಯ ಬಂದ. ಅವಳು ಎದುರಿಗೆ ಓಡಿದಳು.

“ಯಾರ್ನ ಏನ್ ಮಾಡ್ಬುಟ್ಟ ಸ್ವಾಮಿ ನನ್ ಮಗ?”

“ಅವನೇನೂ ಮಾಡಿಲ್ಲಮ್ಮ.” ಅವನು ಟೋಪಿ ತೆಗೆದ. “ಅವನೇ ಹೋಗ್ಬುಟ್ಟ. ನಿನ್ನೆ ಬಾರಲ್ಲಿ ಇವನ ಕೈಲಿ ಏಟು ತಿಂದಿದ್ನಲ್ಲ, ಆ ಮೋಕ್ಷಿತ್‌ನ ಹಿಡ್ದಿದೀವಿ.” ಮೊಬೈಲಿನಲ್ಲಿ ಮಚ್ಚಿನ ಫೋಟೊ ತೋರಿಸಿದ. ಹಿಡಿಯಲ್ಲಿ ನೀಲಿ ಸೀರೆಯಂಚಿತ್ತು.

ಹೊಂಬಾಳಮ್ಮ ಆ ಅಂಚಿನ ಮೇಲೆ ಬೆರಳಿಟ್ಟಳು. ತೋಟದಿಂದ ಓಡಿಬಂದ ಶಿವರುದ್ರಮ್ಮ ಅವಳ ಕಾಲಿಗೆ ಬಿದ್ದು ಗೋಳಾಡಿದಳು.

“ನೀನ್ ಬರೋಕ್ ಮುಂಚೇನೇ ನಮ್ಮನೆ ಮಚ್ಚನ್ನೆಲ್ಲ ಬಾವಿಗೆ ಹಾಕಿದ್ದೆ ಕಣಕ್ಕ!”