ಚಕ್ರದ ಸುತ್ತಳತೆ

ಮೀಟರು ಹದಿನಾಲ್ಕು ತೋರಿಸಿತು. ದರ್ಜಿ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿ ನೋಡಿದ. ಹದಿನಾಲ್ಕೇ.

ಮಗಳು ಸೈಕಲ್ಲನ್ನು ಗೋಡೆಗೆ ಒರಗಿಸಿ ಆಗಲೇ ಒಳಗೆ ಹೋಗಿದ್ದಳು. ಮನೆಯಿಂದ ಕಾಲೇಜಿಗೆ ನಾಲ್ಕು ಕಿಲೋಮೀಟರು. ಹೋಗಿ ಬಂದರೆ ಎಂಟು. ಮಿಕ್ಕ ಆರು ಕಿಲೋಮೀಟರು ಎಲ್ಲಿಂದ ಬಂದವು?

ಅನುಮಾನ ಮೊದಲು ಹುಟ್ಟಿದ್ದು ಅವನಿಗಲ್ಲ, ಅವನ ತಮ್ಮನಿಗೆ. ತಮ್ಮನದು ಸೈಕಲ್ ಅಂಗಡಿ, ಕಾಲೇಜಿನ ನೇರ ರಸ್ತೆಯಲ್ಲೇ. ಒಂದು ಸಂಜೆ ಚಹಾಕ್ಕೆ ಬಂದವನು ಬಾಗಿಲ ಬಳಿಯ ಸೈಕಲ್ಲಿನ ಟೈರು ಸವರಿ ನಕ್ಕಿದ್ದ.

"ಅಣ್ಣಾ, ನಾನೇ ಹಾಕಿದ ಹೊಸ ಟೈರು ಇದು. ಇಷ್ಟು ಬೇಗ ಬೋಳಾಗಿದೆಯಲ್ಲ! ನಿನ್ನ ಮಗಳು ಕಾಲೇಜಿಗೆ ಹೋಗ್ತಾಳೋ, ಭೂಪ್ರದಕ್ಷಿಣೆ ಹಾಕ್ತಾಳೋ?"

ದರ್ಜಿಯೂ ನಕ್ಕ. ಆಮೇಲೆ ತಮ್ಮ ದನಿ ತಗ್ಗಿಸಿದ. "ಕಾಲುವೆ ಕಡೆ ಒಂದು ಫೋಟೋ ಸ್ಟುಡಿಯೋ ಆಗಿದೆ. ಅಲ್ಲೊಬ್ಬ ಹುಡುಗ ಇದ್ದಾನೆ, ಬಾಚಣಿಗೆ ಕೈಯಿಂದ ಇಳಿಸೋದೇ ಇಲ್ಲ. ನಾನು ಏನೂ ಹೇಳ್ತಿಲ್ಲಪ್ಪ. ತಾಯಿ ಇಲ್ಲದ ಹುಡುಗಿ, ನಾವೇ ನೋಡ್ಕೋಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ."

ಮರುದಿನವೇ ತಮ್ಮ ಬಂದು ಮುಂದಿನ ಚಕ್ರಕ್ಕೆ ದೂರ ಅಳೆಯುವ ಮೀಟರು ಕೂರಿಸಿದ. ಮಗಳು ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಹೊರಗೆ ಬರಲಿಲ್ಲ.

ದರ್ಜಿಗೆ ಅಳತೆಯೇ ಪೂಜೆ. ಹೊಲಿಗೆ ಯಂತ್ರಕ್ಕೆ ಕೈಮುಗಿಯದೆ ಅವನು ದಿನ ಆರಂಭಿಸಿದ್ದೇ ಇಲ್ಲ. ತಮ್ಮನ ಮೀಟರನ್ನೂ ಅವನು ಕುರುಡಾಗಿ ನಂಬಲಿಲ್ಲ. ಚಕ್ರದ ಸುತ್ತ ಟೇಪು ಹಿಡಿದು ಅಳೆದ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಬೀದಿಯುದ್ದಕ್ಕೂ ಸೈಕಲ್ ತಳ್ಳಿ, ಸುತ್ತು ಎಣಿಸಿ ಮೀಟರಿನೊಂದಿಗೆ ತಾಳೆ ನೋಡಿದ. ಊರಿನ ನಕ್ಷೆಯ ಮೇಲೆ ಕಪ್ಪು ನೂಲು ಹಾಸಿ ನೇರ ರಸ್ತೆಯ ಉದ್ದ ತೆಗೆದ. ಎಲ್ಲಾದರೂ ಒಂದು ತಪ್ಪು ಸಿಗಲಿ, ದೇವರೇ, ಎಂದು ಒಳಗೊಳಗೇ ಬೇಡಿಕೊಂಡ. ಸಿಗಲಿಲ್ಲ.

ಬಟ್ಟೆ ಹೆಚ್ಚಾದರೆ ಒಳಗೆ ಮಡಿಚಿ ಹೊಲಿಯಬಹುದು. ಹೆಚ್ಚಾದ ದಾರಿಯನ್ನು ಎಲ್ಲಿ ಮಡಿಚುವುದು?

"ಗೆಳತಿ ಮನೆಗೆ ಹೋಗಿದ್ದೆ," ಎಂದಳು ಮಗಳು. ಅದೇ ಗೆಳತಿ ರಜೆ ಹಾಕಿ ಅಜ್ಜಿಯ ಊರಿಗೆ ಹೋಗಿದ್ದಾಳೆಂದು ಅವಳ ತಾಯಿ ರವಿಕೆ ಒಯ್ಯಲು ಬಂದಾಗ ಹೇಳಿದ್ದಳು. ದರ್ಜಿಯ ಸೂಜಿ ಬೆರಳಿಗೆ ಚುಚ್ಚಿತು.

ಆಮೇಲೆ ಎಲ್ಲವೂ ಕಣ್ಣಿಗೆ ಬೀಳತೊಡಗಿತು. ಅವಳು ಬೆಳಿಗ್ಗೆ ಬೇಗ ಹೊರಡುತ್ತಾಳೆ. ಬೆವರು ಸುರಿಸುತ್ತ ಬರುತ್ತಾಳೆ. ಊಟದ ತಟ್ಟೆಯ ಮುಂದೆ ಮೈಮರೆಯುತ್ತಾಳೆ. ಒಂದು ದಿನ ಕೈಯೆಲ್ಲ ಕರಿ ಮಾಡಿಕೊಂಡು ಬಂದಳು. ನಡುದಾರಿಯಲ್ಲಿ ಪಂಕ್ಚರ್ ಆಯಿತಂತೆ, ತಾನೇ ಸರಿಮಾಡಿಕೊಂಡಳಂತೆ. ಈ ವಿದ್ಯೆ ಕಲಿಸಿದವರು ಯಾರು?

"ಓದಿಸಿದ್ದು ಸಾಕು," ಎಂದ ತಮ್ಮ, ಚಹಾ ಊದುತ್ತ. "ಕೊನೇ ವರ್ಷ ಅಂತ ಸುಮ್ಮನಿದ್ರೆ ಕೊನೇಗೆ ಏನೂ ಉಳಿಯಲ್ಲ. ಸೋಮವಾರದಿಂದ ನನ್ನಂಗಡೀಲಿ ಕೂರಿಸು. ಬಿಲ್ಲು ಬರೀಲಿ. ಕಣ್ಣಳತೇಲೇ ಇರ್ತಾಳೆ."

ದರ್ಜಿ ಬಹಳ ಹೊತ್ತು ಅಳೆದು ತೂಗಿ ನೋಡಿದ. ಡಿಗ್ರಿ ಮುಗಿಸಿ ಟೀಚರಾಗುತ್ತೇನೆ ಎಂದು ಅವಳು ತಾಯಿಯ ಹಾಸಿಗೆಯ ಪಕ್ಕ ಕೂತು ಮಾತು ಕೊಟ್ಟಿದ್ದಳು. ಆದರೂ ತಮ್ಮನಿಗೆ ತಲೆಯಾಡಿಸಿದ. ಅವನು ಹೋದ ಮೇಲೆ ಮಗಳನ್ನು ಕರೆದು ಹೇಳಿದ.

ಅವಳು ಅಳಲಿಲ್ಲ. ಗೋಡೆ ಹಿಡಿದು ನಿಂತಳು. ಆಮೇಲೆ, "ನಾಳೆ ಒಂದು ದಿನ ನೀನೂ ಬಾ ಅಪ್ಪ. ಅಳತೆ ಬೇಕಲ್ವಾ ನಿನಗೆ? ನೀನೇ ತುಳಿ. ನಾನು ಹಿಂದೆ ಕೂತು ದಾರಿ ಹೇಳ್ತೀನಿ," ಎಂದಳು.

ಬೆಳಿಗ್ಗೆ ಮೀಟರನ್ನು ಸೊನ್ನೆಗೆ ತಿರುಗಿಸಿ ಹೊರಟರು. ನೇರ ರಸ್ತೆಯ ಬಾಯಲ್ಲೇ ಅವಳು ಎಡಕ್ಕೆ ಎಂದಳು. ಇಟ್ಟಿಗೆ ಗೂಡಿನ ಹಿಂಬದಿ. ಸ್ಮಶಾನದ ಗೋಡೆ. ಕಾಲುವೆಯ ಏರಿಯ ಮೇಲೆ ಕಲ್ಲುದಾರಿ. ನಾಯಿಗಳು ಅಟ್ಟಿಸಿಕೊಂಡು ಬಂದವು.

"ಹೆದರಬೇಡ," ಎಂದಳು ಮಗಳು. "ಅವಕ್ಕೆ ನನ್ನ ಪರಿಚಯ ಇದೆ. ಬೊಗಳ್ತಿರೋದು ನಿನಗೇ."

ಸ್ಟುಡಿಯೋ ಬಂತು. ದರ್ಜಿ ಕಾಲು ನಿಧಾನಿಸಿದ. ಹುಡುಗ ಬಾಗಿಲಲ್ಲಿ ನಿಂತು ತಲೆ ಬಾಚಿಕೊಳ್ಳುತ್ತಿದ್ದ. ಅವಳನ್ನು ನೋಡಿದ, ಆಕಳಿಸಿದ, ಕಸ ಗುಡಿಸಲು ಒಳಗೆ ಹೋದ. ಇಬ್ಬರ ಮುಖದಲ್ಲೂ ಗುರುತಿನ ಎಳೆಯೂ ಇರಲಿಲ್ಲ.

ಕಾಲೇಜಿನ ಗೇಟು. ಮೀಟರು ನೋಡಿದ: ಸರಿಯಾಗಿ ಏಳು. ಬೆನ್ನು ನೋಯುತ್ತಿತ್ತು, ಎದೆ ಮಾತ್ರ ಹೂವಿನಷ್ಟು ಹಗುರವಾಗಿತ್ತು.

"ದಾರಿಯುದ್ದಕ್ಕೂ ನಿನಗೆ ಬೇಕಾದವರು ಯಾರೂ ಇಲ್ಲವಲ್ಲೇ!"

"ಯಾರೂ ಇಲ್ಲ ಅಪ್ಪ."

"ಮತ್ಯಾಕೆ ಹುಚ್ಚಿ ಹಂಗೆ ಸುತ್ತಿ ಸಾಯ್ತೀಯ? ಕಾಲೇಜು ಬಿಡೋದು ಬೇಡ, ಓದು. ನಾಳೆಯಿಂದ ನೇರ ದಾರೀಲಿ ಬಾ, ಅಷ್ಟೇ. ಬಿಸಿಲು ಜಾಸ್ತಿ ಆದ್ರೆ ಚಿಕ್ಕಪ್ಪನ ಅಂಗಡಿ ಒಳಗೆ ಎರಡು ನಿಮಿಷ ಕೂತು, ನೀರು ಕುಡಿದು…"

ಕ್ಯಾರಿಯರ್ ಹಗುರವಾಯಿತು. ಮಗಳು ಇಳಿದು ಅವನ ಮುಂದೆ ಬಂದು ನಿಂತಿದ್ದಳು.

"ನಾನು ಒಳಗೆ ಹೋದ ತಕ್ಷಣ ಚಿಕ್ಕಪ್ಪ ಶಟರು ಎಳೀತಾರೆ, ಅಪ್ಪ."